ಹಿರಿಯರ ಹೊಲ, ಮಕ್ಕಳ ಹೆಸರು

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ದೇವಾಲಯದ ಕಟ್ಟಡವನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ನಮ್ಮಲ್ಲಿದ್ದಾರೆಂಬುದನ್ನು ನೆನೆದು, ಆ ಭಾರವನ್ನು ಅವರಿಗೇ ಬಿಟ್ಟಿದ್ದೇನೆ. ನಾನು ಆರಿಸಿಕೊಂಡ ವಿಷಯ ದೇವಾಲಯದ ಹೊರಗಿನದು; ಆದರೆ ದೇವಾಲಯಕ್ಕೆ ಬರುವ ಪ್ರತಿಯೊಂದು ಒಕ್ಕಲು ಮನೆತನದ ಒಳಗಿನದು. ತಂದೆತಾಯಿಯರ ಹೊಲ ಮಕ್ಕಳಿಗೆ ಹೇಗೆ ಬಂತು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದೇ ಆ ವಿಷಯ.

ಇದನ್ನು ಆರಿಸಿಕೊಳ್ಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ, ವಯಸ್ಸಾದ ತಾಯಿಯೊಬ್ಬರು ನನ್ನ ಬಳಿಗೆ ಬಂದರು. ಸೆರಗಿನ ತುದಿಯಲ್ಲಿ ಗಂಟು ಹಾಕಿ ತಂದಿದ್ದ ಕಾಗದವೊಂದನ್ನು ಬಿಚ್ಚಿ ಮೇಜಿನ ಮೇಲೆ ಹರವಿದರು. ಅದು ಅವರ ತವರಿನ ಹೊಲದ ಉತಾರ. ಓದು ಬಾರದ ಅವರು, ಅದರಲ್ಲಿ ತಮ್ಮ ಹೆಸರು ಎಲ್ಲಿದೆ ತೋರಿಸಿರಿ ಎಂದು ಕೇಳಿದರು. ನಾನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಮೊದಲು ತಂದೆಯ ಹೆಸರು, ಅದನ್ನು ಕಂಸಿನಲ್ಲಿ ಹಾಕಿ ಹಿರಿಯಣ್ಣನ ಹೆಸರು, ಅನಂತರ ಅಣ್ಣನ ಮಕ್ಕಳ ಹೆಸರುಗಳು. ಆ ತಾಯಿಯ ಹೆಸರು ಎಲ್ಲಿಯೂ ಇರಲಿಲ್ಲ. "ನನಗ ಹೊಲ ಬ್ಯಾಡ್ರಿ ಫಾದರ್. ಆದರ ಅಪ್ಪ ತೀರಿಕೊಂಡಾಗ ನನ್ನ ಒಂದ ಮಾತ ಕೇಳಬೇಕಿತ್ತು," ಎಂದರು. ನಾನು ಸಮಾಧಾನದ ನಾಲ್ಕು ಮಾತುಗಳನ್ನಾಡಿ, ಅಣ್ಣತಂಗಿಯರಲ್ಲಿ ಪ್ರೀತಿ ದೊಡ್ಡದು, ಕ್ಷಮಿಸಿಬಿಡಿರಿ ಎಂದು ಹೇಳಿ ಕಳುಹಿಸಿದೆ. ಅದು ಅರ್ಧ ಉತ್ತರವೆಂದು ಅನಂತರ ನನಗೆ ತೋರಿತು. ಉಳಿದ ಅರ್ಧವನ್ನು ಹುಡುಕಿಕೊಂಡು ಹೋದಾಗ ಬ್ರಿಟಿಷರ ಕಾಲದ ಚಾವಡಿಯವರೆಗೆ ಹೋಗಬೇಕಾಯಿತು. ಅಲ್ಲಿ ಕಂಡದ್ದನ್ನು ಧರ್ಮಬಂಧುಗಳ ಮುಂದಿಡುತ್ತೇನೆ.

ಒಂದು ಸೀಮೆ, ನಾಲ್ಕು ಆಡಳಿತ

ಇಂದು ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳು ಬಾಗಲಕೋಟೆ ಜಿಲ್ಲೆಯ ತಾಲೂಕುಗಳು. ಆ ಜಿಲ್ಲೆಯಾದರೋ 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರೆಯಾದದ್ದು. ಆದರೆ 1948ಕ್ಕೆ ಮುಂಚೆ, ಕೃಷ್ಣೆ ಮತ್ತು ಘಟಪ್ರಭೆಗಳ ನಡುವಿನ ಈ ಸೀಮೆಯಲ್ಲಿ ಎತ್ತಿನ ಬಂಡಿಯಲ್ಲಿ ಒಂದು ದಿನ ಪಯಣ ಮಾಡಿದರೆ ನಾಲ್ಕು ಆಡಳಿತಗಳನ್ನು ದಾಟಬೇಕಾಗುತ್ತಿತ್ತು. ಜಮಖಂಡಿಯಲ್ಲಿ ಪಟವರ್ಧನ ಮನೆತನದವರ ಸಂಸ್ಥಾನ. ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ. ಬೀಳಗಿ ನೇರವಾಗಿ ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿ, 1864ರಲ್ಲಿ ರಚಿತವಾಗಿ ಮುಂದೆ ವಿಜಾಪುರ ಜಿಲ್ಲೆಯೆನಿಸಿದ ಕಲಾದಗಿ ಜಿಲ್ಲೆಯಲ್ಲಿತ್ತು. ಇನ್ನು ಇಂದು ಅವಳಿ ಊರುಗಳೆಂದು ಒಂದೇ ಉಸಿರಿನಲ್ಲಿ ಹೇಳುವ ರಬಕವಿ-ಬನಹಟ್ಟಿಗಳಲ್ಲಿ ಬನಹಟ್ಟಿ ಜಮಖಂಡಿಗೆ ಸೇರಿದ್ದರೆ, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಎರಡೂ ಊರುಗಳಲ್ಲಿ ಮಗ್ಗದ ಸದ್ದು ಒಂದೇ. ಕಂದಾಯ ಕಟ್ಟುವ ಕಚೇರಿ ಬೇರೆ.

ಈ ಗಡಿಯ ಹುಟ್ಟೇ ನಮ್ಮ ವಿಷಯಕ್ಕೆ ಒಳ್ಳೆಯ ಪೀಠಿಕೆಯಾಗಿದೆ. ಪೇಶ್ವೆಯವರಿಂದ ಪಟವರ್ಧನ ಮನೆತನಕ್ಕೆ ದೊರೆತಿದ್ದ ಸರಂಜಾಮು ಭೂಮಿ ಮನೆತನದ ಕವಲುಗಳಲ್ಲಿ ಹಂಚಿಹೋಗುತ್ತ ಬಂತು. ಮೀರಜದಿಂದ ಸಾಂಗಲಿ ಬೇರೆಯಾಯಿತು; 1811ರಲ್ಲಿ ಜಮಖಂಡಿ ಪ್ರತ್ಯೇಕ ಸಂಸ್ಥಾನವಾಯಿತು; 1820ರಲ್ಲಿ ಮೀರಜವೇ ನಾಲ್ಕು ಪಾಲಾಯಿತು. ಅಂದಮೇಲೆ ರಬಕವಿ ಮತ್ತು ಬನಹಟ್ಟಿಗಳ ನಡುವೆ ಇದ್ದ ಗಡಿರೇಖೆಯು ಅಣ್ಣತಮ್ಮಂದಿರ ಮನೆತನವೊಂದರ ವಾಟಣಿಯ ಗೆರೆಯೇ ಆಗಿತ್ತು! ದೊರೆಗಳಿಗೆ ಇದರಿಂದ ಪಾಠ ದೊರೆಯಿತು. ಬ್ರಿಟಿಷರ ಕಾಲದಲ್ಲಿ ಜಮಖಂಡಿ, ಮುಧೋಳ ಎರಡೂ ಗಾದಿಗಳು ಹಿರಿಯ ಮಗನಿಗೆ ಅಖಂಡವಾಗಿ ಹೋಗುವ ನಿಯಮವನ್ನು ಅನುಸರಿಸಿದವು. 20ನೆಯ ಶತಮಾನದ ಆರಂಭದಲ್ಲಿ ಜಮಖಂಡಿ ಸಂಸ್ಥಾನದ ವಿಸ್ತಾರ, ಧಾರವಾಡ ಸೀಮೆಯ ಕುಂದಗೋಳವೂ ಸೇರಿ, 524 ಚದರ ಮೈಲಿ. ಮುಧೋಳದ್ದು 368 ಚದರ ಮೈಲಿ. ಇವು ಒಡೆಯದೆ ಉಳಿದವು. ಒಡೆದದ್ದು ಪ್ರಜೆಗಳ ಹೊಲ.

ಚಾವಡಿಯ ಪುಸ್ತಕ

ಬೀಳಗಿಯ ಕಡೆಯ ಬ್ರಿಟಿಷ್ ಹಳ್ಳಿಗಳಲ್ಲಿ ಜಾರಿಯಿದ್ದದ್ದು ರಯತವಾರಿ ಪದ್ಧತಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1836ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ರೂಪಿಸಿದ ಭೂಮಾಪನ ಕ್ರಮವು 1840ರ ದಶಕದಲ್ಲಿ ನಮ್ಮ ಕನ್ನಡ ಸೀಮೆಗೂ ಬಂದಿತು. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಿತ್ತು. ಮೂಲೆಗಳಲ್ಲಿ ಬಾಂದುಕಲ್ಲುಗಳು ನಿಂತವು. ಎರೆಯೋ ಮಸಾರಿಯೋ, ಮಣ್ಣಿನ ಆಳವೆಷ್ಟು ಎಂಬುದನ್ನು ನೋಡಿ ಆಣೆಗಳ ಲೆಕ್ಕದಲ್ಲಿ ಭೂಮಿಯ ತರಗತಿಯನ್ನು ಗೊತ್ತುಪಡಿಸಿ, 30 ವರ್ಷಗಳಿಗೊಮ್ಮೆ ಬದಲಾಗುವ ಆಕಾರವನ್ನು ನಿಗದಿಪಡಿಸಿದರು. ಈ ವ್ಯವಸ್ಥೆಯಲ್ಲಿ ಸರಕಾರಕ್ಕೆ ಮುಖ್ಯವಾಗಿ ಬೇಕಾಗಿದ್ದುದು ಒಂದೇ ಸಂಗತಿ: ಈ ನಂಬರಿನ ಕಂದಾಯಕ್ಕೆ ಯಾರು ಹೊಣೆ? ಆ ಹೊಣೆಗಾರನ ಹೆಸರನ್ನು ಕುಲಕರ್ಣಿಯು ಚಾವಡಿಯ ಪುಸ್ತಕದಲ್ಲಿ ಬರೆದನು. ಅವನೇ ಖಾತೇದಾರ.

ತಂದೆಯು ಬದುಕಿರುವಾಗಲೇ ಖಾತೆಯನ್ನು ಮಗನಿಗೆ ವಹಿಸಬೇಕೆಂದರೆ ದಾರಿ ಸರಳವಾಗಿತ್ತು. ತಂದೆ ರಾಜೀನಾಮೆ ಬರೆದುಕೊಡುವನು, ಮಗ ಕಬೂಲಾಯತಿ ಬರೆದುಕೊಡುವನು. 'ಈ ಹೊಲವನ್ನು ಬಿಟ್ಟಿದ್ದೇನೆ' ಎಂದು ಒಬ್ಬರು, 'ಇದರ ಕಂದಾಯ ಕಟ್ಟಲು ಒಪ್ಪಿದ್ದೇನೆ' ಎಂದು ಇನ್ನೊಬ್ಬರು. ಇಂದು ನೌಕರಿ ಬಿಡುವಾಗ ಬಳಸುವ ರಾಜೀನಾಮೆ ಎಂಬ ಮಾತು ಅಂದು ನಮ್ಮ ಸೀಮೆಯಲ್ಲಿ ಹೊಲ ಬಿಡುವ ಮಾತಾಗಿತ್ತು. ಧಾತು ಸಂವತ್ಸರದಲ್ಲಿ ಆರಂಭವಾದ 1876–78ರ ಭೀಕರ ಬರಗಾಲದಂತಹ ದುರ್ದಿನಗಳಲ್ಲಿ ಕಂದಾಯ ಕಟ್ಟಲಾರದೆ ಹೊಲ ಬಿಟ್ಟವರ ಮಕ್ಕಳಿಗೆ ಅಜ್ಜನ ನೆಲ ಬರಿಯ ನೆನಪಾಗಿ ಉಳಿಯಿತು.

ಖಾತೇದಾರನು ತೀರಿಕೊಂಡರೆ ಏನು? 1879ರ ಮುಂಬಯಿ ಭೂಕಂದಾಯ ಸಂಹಿತೆಯ 71ನೆಯ ಕಲಮು ಇದಕ್ಕೆ ಉತ್ತರ ಕೊಟ್ಟಿತು. ಮೃತನ ಹಿರಿಯ ಮಗನ ಹೆಸರನ್ನಾಗಲಿ, ವಾರಸದಾರನೆಂದು ತೋರಿಬರುವ ಬೇರೊಬ್ಬರ ಹೆಸರನ್ನಾಗಲಿ ಪುಸ್ತಕದಲ್ಲಿ ದಾಖಲು ಮಾಡಬೇಕೆಂಬುದು ಅದರ ತಾತ್ಪರ್ಯ. ಸರಕಾರದ ದೃಷ್ಟಿಯಿಂದ ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಐದು ಮಂದಿ ಮಕ್ಕಳಿರುವ ಮನೆಗೆ ಹೋಗಿ ಐವರಲ್ಲಿಯೂ ಕಂದಾಯ ಕೇಳುವುದಕ್ಕಿಂತ ಒಬ್ಬನನ್ನು ಕೇಳುವುದು ಸುಲಭ. ಈ ನೋಂದಣಿಯಿಂದ ಉಳಿದವರ ಹಕ್ಕು ಹೋಗುವುದಿಲ್ಲ, ಇದು ಕಂದಾಯದ ಅನುಕೂಲಕ್ಕೆ ಮಾತ್ರ ಎಂದು ನ್ಯಾಯಾಲಯಗಳೂ ಹೇಳುತ್ತಲೇ ಬಂದವು. ಆದರೆ ನ್ಯಾಯಾಲಯದ ಮಾತು ಚಾವಡಿಯ ಕಟ್ಟೆಯವರೆಗೆ ಬರಲಿಲ್ಲ. ಒಂದು ತಲೆಮಾರಿನಲ್ಲಿ ಹಿರಿಯಣ್ಣನ ಹೆಸರು ಮನೆತನದ ಪರವಾಗಿ ನಿಂತಿತ್ತು; ಎರಡನೆಯ ತಲೆಮಾರಿನಲ್ಲಿ ಅದು ಅವನ ಹೆಸರೇ ಆಯಿತು; ಮೂರನೆಯದರಲ್ಲಿ ಅವನ ಮಕ್ಕಳ ಹೊಲವಾಯಿತು. ಕಂದಾಯ ಕಟ್ಟುವವನ ಹೆಸರನ್ನು ನಾವು ಒಡೆಯನ ಹೆಸರೆಂದು ಓದಿಕೊಂಡೆವು. ನಮ್ಮ ಬಹುಮಟ್ಟಿನ ಭೂವ್ಯಾಜ್ಯಗಳ ಮೂಲ ಈ ಒಂದು ತಪ್ಪು ಓದಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮನೆಯೊಳಗಿನ ನ್ಯಾಯ

ಚಾವಡಿಯ ಪುಸ್ತಕ ಹೀಗಿದ್ದರೆ, ಮನೆಯೊಳಗಿನ ಲೆಕ್ಕ ಬೇರೆಯಾಗಿತ್ತು. ನಮ್ಮ ಸುತ್ತಲಿನ ಲಿಂಗಾಯತ, ಜೈನ ಹಾಗೂ ಇತರ ಒಕ್ಕಲು ಮನೆತನಗಳಿಗೆ ನ್ಯಾಯಾಲಯಗಳು ಅನ್ವಯಿಸಿದ್ದು ಮಿತಾಕ್ಷರ ಪದ್ಧತಿಯ ಹಿಂದೂ ನ್ಯಾಯ. ಅದರ ಪ್ರಕಾರ ಪಿತ್ರಾರ್ಜಿತ ಭೂಮಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಅದರ ಏಕೈಕ ಒಡೆಯನಲ್ಲ, ಮನೆತನದ ಯಜಮಾನ ಮಾತ್ರ. ಅವನು ತೀರಿದರೆ ಉಳಿದ ಗಂಡಸರು ಮುಂದುವರಿಸುತ್ತಾರೆ. ವಿಧವೆಗೆ ಅನ್ನಬಟ್ಟೆಯ ಹಕ್ಕು. ಮಕ್ಕಳು ಪಾಲಾದರೆ ಅವಳಿಗೂ ಒಂದು ಪಾಲು. ಮಗಳಿಗೆ ಮದುವೆಯಾಗುವವರೆಗೆ ಪೋಷಣೆ ಮತ್ತು ಮದುವೆಯ ಖರ್ಚು. ಗಂಡುಮಕ್ಕಳಿಲ್ಲದೆ ಪಾಲಾಗಿದ್ದ ತಂದೆಯ ಆಸ್ತಿಯನ್ನು ಮಗಳು ಪಡೆದರೆ, ಮುಂಬಯಿ ಇಲಾಖೆಯಲ್ಲಿ ಅದು ಅವಳದೇ ಪೂರ್ಣ ಆಸ್ತಿಯಾಗುತ್ತಿತ್ತು. ಇತರ ಪ್ರಾಂತಗಳಲ್ಲಿ ಅವಳ ಜೀವಿತಕಾಲಕ್ಕೆ ಮಾತ್ರ. ಇದು ನಮ್ಮ ಕಡೆಯ ವಿಶೇಷ. ಆದರೆ ವಿಧವೆಯು ದತ್ತಕ ತೆಗೆದುಕೊಳ್ಳಲು ಇಲ್ಲಿ ಗಂಡನ ಅಪ್ಪಣೆಯೂ ಬೇಕಾಗಿರಲಿಲ್ಲ. ಹೀಗಾಗಿ ಹೊಲ ಮಗಳ ಮನೆಗೆ ಹೋಗುತ್ತದೆಂಬ ಅಂಜಿಕೆ ಹುಟ್ಟಿದಲ್ಲಿ ಬಂಧುಗಳ ಮಗನೊಬ್ಬನನ್ನು ಉಡಿಯಲ್ಲಿ ಹಾಕುವ ದಾರಿ ತೆರೆದೇ ಇತ್ತು. ಮುಸಲ್ಮಾನ ಬಂಧುಗಳ ಶರೀಯತ್ತಿನಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ.

ಬರೆದ ನ್ಯಾಯದ ಪಕ್ಕದಲ್ಲಿ ಬರೆಯದ ರೂಢಿಯೂ ಇತ್ತು. ಮದುವೆಯಾಗಿ ಹೋಗುವ ಮಗಳಿಗೆ ಅರಿಷಿಣ-ಕುಂಕುಮಕ್ಕೆಂದು ಒಂದು ತುಂಡು ಹೊಲವನ್ನು ಬಿಟ್ಟುಕೊಡುವ ವಾಡಿಕೆ ಉಳ್ಳವರಲ್ಲಿ ಕಂಡುಬರುತ್ತಿತ್ತು. ತಂದೆ ಬಾಯಿಮಾತಿನಲ್ಲಿ ಕೊಟ್ಟ ಇಂತಹ ಹೊಲದ ಜೋಳ ಮಗಳ ಮನೆಗೆ ಹೋಗುತ್ತಿದ್ದರೂ, ಖಾತೆ ಮಾತ್ರ ಅಣ್ಣನ ಹೆಸರಿನಲ್ಲೇ ಇರುತ್ತಿತ್ತು. ಸ್ಥಿರಾಸ್ತಿಯ ದಾನಕ್ಕೆ ಇಬ್ಬರು ಸಾಕ್ಷಿಗಳೂ ನೋಂದಣಿಯೂ ಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ವಿಧಿಸಿತ್ತು. ಆ ಕಾಯಿದೆ ಮುಂಬಯಿ ಇಲಾಖೆಗೆ 1893ರಲ್ಲಿ ಅನ್ವಯವಾದ ಮೇಲೆ, ಬಕ್ಷೀಸ ಪತ್ರವಿಲ್ಲದ ಬಾಯಿಮಾತಿನ ದಾನಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲದಾಯಿತು. ತಂದೆಯ ಮಾತು ತಂದೆಯೊಡನೆಯೇ ಮಣ್ಣಿಗೆ ಹೋಯಿತು.

ಗೌಡಕಿ, ಕುಲಕರ್ಣಿಕಿ ಮುಂತಾದ ವತನದ ಜಮೀನುಗಳ ಸ್ಥಿತಿ ಇನ್ನೂ ಕಠಿಣ. ಊರಿನ ಸೇವೆಗಾಗಿ ಬಿಟ್ಟ ಈ ಭೂಮಿ ವತನದಾರ ಮನೆತನದ ಹೊರಗೆ ಹೋಗಬಾರದೆಂದು 1874ರ ವತನ ಕಾಯಿದೆ ನಿರ್ಬಂಧಿಸಿತು. 1886ರ ಮುಂಬಯಿ 5ನೆಯ ಕಾಯಿದೆ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಕೊನೆಯ ಒಡೆಯನ ವಿಧವೆಯೊಬ್ಬಳನ್ನು ಬಿಟ್ಟು ಮನೆತನದ ಉಳಿದೆಲ್ಲ ಹೆಂಗಸರನ್ನೂ ಎಲ್ಲ ಗಂಡಸರ ಹಿಂದೆ ನಿಲ್ಲಿಸಿತು. ಅಂದರೆ ಸ್ವಂತ ಮಗಳಿರುವಾಗಲೂ ದೂರದ ದಾಯಾದಿಯ ಮಗ ಮುಂದೆ ಬರುತ್ತಿದ್ದನು. ರೂಢಿಯಲ್ಲಿದ್ದ ಪಕ್ಷಪಾತಕ್ಕೆ ಇಲ್ಲಿ ಕಾನೂನಿನ ಮುದ್ರೆಯೇ ಬಿದ್ದಿತು.

ಪಾಲಿನ ರೀತಿಯನ್ನೂ ಹೇಳಬೇಕು. ನಾಲ್ವರು ಅಣ್ಣತಮ್ಮಂದಿರಿಗೆ ನಾಲ್ಕು ಹೊಲಗಳಿದ್ದರೆ ಒಬ್ಬೊಬ್ಬರಿಗೆ ಒಂದೊಂದನ್ನು ಕೊಡುತ್ತಿರಲಿಲ್ಲ. ಹೊಳೆದಂಡೆಯ ಎರೆ ಬೇರೆ, ದಿನ್ನೆಯ ಮಸಾರಿ ಬೇರೆ. ಯಾರಿಗೂ ನಷ್ಟವಾಗಬಾರದೆಂದು ಪ್ರತಿಯೊಂದು ಹೊಲವನ್ನೂ ನಾಲ್ಕು ಪಟ್ಟಿಗಳಾಗಿ ಸೀಳುತ್ತಿದ್ದರು. ಬಾವಿಯ ನೀರಿಗೆ ಪಾಳಿ ಹಚ್ಚುತ್ತಿದ್ದರು. ನ್ಯಾಯದ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ. ಆದರೆ ಮೊಮ್ಮಕ್ಕಳ ಕಾಲಕ್ಕೆ ಎತ್ತು ತಿರುಗಿಸಲು ಸ್ಥಳವಿಲ್ಲದಷ್ಟು ಪಟ್ಟಿಗಳು ಕಿರಿದಾದವು. ಮುಂಬಯಿ ಸರಕಾರ 1927ರಲ್ಲಿ ಸಣ್ಣ ಹಿಡುವಳಿಗಳ ಮಸೂದೆಯನ್ನು ಮಂಡಿಸಿತಾದರೂ, ಕಿರಿಯ ಮಕ್ಕಳನ್ನು ನೆಲದಿಂದ ಹೊರದೂಡುತ್ತದೆಂಬ ವಿರೋಧ ಬಂದು ಅದು ಮುಂದೆ ಸಾಗಲಿಲ್ಲ. ತುಂಡುಭೂಮಿಯನ್ನು ತಡೆಯುವ ಕಾಯಿದೆ ಬಂದದ್ದು 1947ರಲ್ಲಿ. ಹೊಲ ಒಡೆಯಬಾರದೆಂಬ ಈ ಅಂಜಿಕೆಯೂ ಹೆಣ್ಣುಮಕ್ಕಳ ಮೇಲೆಯೇ ಮೊದಲು ಬಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರೈಸ್ತರಿಗೆ ಯಾವ ನ್ಯಾಯ?

ಇಲ್ಲಿಯವರೆಗೆ ನೆರೆಹೊರೆಯವರ ಮಾತಾಯಿತು. ಕ್ರೈಸ್ತ ಒಕ್ಕಲಿಗನು ತೀರಿಕೊಂಡರೆ ಅವನ ಹೊಲ ಯಾವ ನ್ಯಾಯದ ಪ್ರಕಾರ ಹಂಚಿಕೆಯಾಗಬೇಕು? ಈ ಪ್ರಶ್ನೆ ಬ್ರಿಟಿಷ್ ನ್ಯಾಯಾಧೀಶರನ್ನು ಬಹುಕಾಲ ಕಾಡಿತು. ಧರ್ಮ ಬದಲಿಸಿದ ಮಾತ್ರಕ್ಕೆ ಯಾರೂ ವಾರಸಾ ಹಕ್ಕನ್ನು ಕಳೆದುಕೊಳ್ಳಬಾರದೆಂದು 1850ರ 21ನೆಯ ಕಾಯಿದೆ ವಿಧಿಸಿತ್ತು. ಆದರೆ ಕ್ರೈಸ್ತನಾದ ಮೇಲೆ ಅವನ ಸ್ವಂತ ಮನೆಯಲ್ಲಿ ಯಾವ ನ್ಯಾಯ ನಡೆಯಬೇಕೆಂದು ಅದು ಹೇಳಲಿಲ್ಲ.

ಅದನ್ನು ತೀರ್ಮಾನಿಸಿದ ಪ್ರಸಿದ್ಧ ಮೊಕದ್ದಮೆ ನಮ್ಮ ಕನ್ನಡ ನಾಡಿನ ಬಳ್ಳಾರಿಯಿಂದಲೇ ಹೋದದ್ದು. ಅಲ್ಲಿ ವ್ಯಾಪಾರದಿಂದ ಹಣವಂತರಾಗಿದ್ದ ದೇಶೀ ಕ್ರೈಸ್ತ ಮ್ಯಾಥ್ಯೂ ಅಬ್ರಹಾಂ ಎಂಬವರು 1842ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡರು. ಅವಿಭಕ್ತ ಕುಟುಂಬದ ಸಹೋದರನಾದ ನನಗೆ ಹಿಂದೂ ನ್ಯಾಯದಂತೆ ಪಾಲು ಬರಬೇಕೆಂದು ತಮ್ಮ ಫ್ರಾನ್ಸಿಸರು ವಾದಿಸಿದರು. ಹಾಗಲ್ಲವೆಂದು ವಿಧವೆ ಶಾರ್ಲೆಟ್ ಹೋರಾಡಿದರು. ಲಂಡನ್ನಿನ ಪ್ರಿವಿ ಕೌನ್ಸಿಲ್ 1863ರಲ್ಲಿ ತೀರ್ಪು ಕೊಟ್ಟಿತು. ಕ್ರೈಸ್ತನಾದವನು ಹಳೆಯ ಧರ್ಮದೊಡನೆ ಹಳೆಯ ನ್ಯಾಯವನ್ನೂ ಬಿಡಬಹುದು, ಬೇಕೆಂದರೆ ಅದನ್ನು ಇಟ್ಟುಕೊಳ್ಳಲೂಬಹುದು; ಅವನು ಬಾಳಿದ ರೀತಿಯಿಂದ ಅದನ್ನು ತಿಳಿಯಬೇಕು; ಈ ಕುಟುಂಬ ಹಿಂದೂ ಅವಿಭಕ್ತ ಪದ್ಧತಿಯಲ್ಲಿ ಬಾಳಿದ್ದಲ್ಲ ಎಂಬುದು ಅದರ ಸಾರಾಂಶ. ಅಲ್ಲಿದ್ದದ್ದು ಹೊಲವಲ್ಲ, ವ್ಯಾಪಾರದ ಆಸ್ತಿ. ಆದರೂ ತತ್ತ್ವ ಎಲ್ಲ ಕ್ರೈಸ್ತ ಮನೆಗಳಿಗೂ ತಾಗಿತು.

ಎರಡು ವರ್ಷಗಳಲ್ಲಿ, 1865ರಲ್ಲಿ, ಭಾರತೀಯ ವಾರಸಾ ಕಾಯಿದೆ ಬಂದಿತು. ಹಿಂದೂ, ಮುಸಲ್ಮಾನ, ಬೌದ್ಧರನ್ನು ಹೊರತುಪಡಿಸಿದ್ದರಿಂದ ದೇಶೀ ಕ್ರೈಸ್ತರು ಅದರ ಅಡಿಯಲ್ಲಿ ಬಂದರು. ಮೃತ್ಯುಪತ್ರವಿಲ್ಲದೆ ತಂದೆ ತೀರಿದರೆ ಆಸ್ತಿಯ ಮೂರನೆಯ ಒಂದು ಭಾಗ ವಿಧವೆಗೆ, ಉಳಿದ ಎರಡು ಭಾಗ ಮಕ್ಕಳಿಗೆ ಸಮಸಮವಾಗಿ. ಮಗ, ಮಗಳು ಎಂಬ ಭೇದವಿಲ್ಲ. ಮದುವೆಯಾದವಳು, ಆಗದವಳು ಎಂಬ ಭೇದವೂ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. 18 ಎಕರೆ ಹೊಲವಿರುವ ತಂದೆ, ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಮಗಳನ್ನೂ ಬಿಟ್ಟು ತೀರಿಕೊಂಡನೆನ್ನಿ. ಈ ಕಾಯಿದೆಯಂತೆ ತಾಯಿಗೆ 6 ಎಕರೆ, ಮೂವರು ಮಕ್ಕಳಿಗೆ ತಲಾ 4 ಎಕರೆ. ಅದೇ ಹೊಲ ಪಕ್ಕದ ಅವಿಭಕ್ತ ಹಿಂದೂ ಮನೆಯದಾಗಿದ್ದರೆ ಅಂದು ಮಗಳಿಗೆ ನೆಲದಲ್ಲಿ ಪಾಲೇ ಇರಲಿಲ್ಲ. ಮೃತ್ಯುಪತ್ರ ಬರೆದು ತನ್ನ ಆಸ್ತಿಯನ್ನು ಬೇಕಾದವರಿಗೆ ಕೊಡುವ ಸ್ವಾತಂತ್ರ್ಯವೂ ಕ್ರೈಸ್ತ ತಂದೆಗೆ ಈ ಕಾಯಿದೆಯಲ್ಲಿತ್ತು.

ಆದರೆ ಕಾಯಿದೆಯ ಪುಸ್ತಕವೂ ನ್ಯಾಯಪೀಠವೂ ಯಾವಾಗಲೂ ಒಂದೇ ಮಾತನಾಡಲಿಲ್ಲ. ಈ ಕಾಯಿದೆಯಿಂದ ಕ್ರೈಸ್ತರಲ್ಲಿ ಅವಿಭಕ್ತ ಕುಟುಂಬದ ಹಕ್ಕು ಮುಗಿಯಿತೆಂದು ಮದರಾಸಿನ ಉಚ್ಚ ನ್ಯಾಯಾಲಯ 1886ರಲ್ಲಿ ಹೇಳಿದರೆ, ಹಳೆಯ ರೂಢಿಯಲ್ಲೇ ಬಾಳುವ ಕ್ರೈಸ್ತ ಕುಟುಂಬಗಳಲ್ಲಿ ಅದು ಉಳಿದಿರಬಹುದೆಂದು ಮುಂಬಯಿಯ ಉಚ್ಚ ನ್ಯಾಯಾಲಯ 1906ರಲ್ಲಿ ಹೇಳಿತು. ನಮ್ಮ ಬೀಳಗಿ ಸೀಮೆ ಮುಂಬಯಿಯ ಅಧೀನದಲ್ಲಿತ್ತು. ಗಂಡುಮಕ್ಕಳಿಗೇ ಹೊಲ ಎನ್ನುವವರಿಗೆ ಇದು ಅನುಕೂಲದ ಮಾತಾಯಿತು.

ಸಂಸ್ಥಾನಗಳಲ್ಲಂತೂ ಬ್ರಿಟಿಷರ ಕಾಯಿದೆ ತಾನಾಗಿಯೇ ಜಾರಿಯಾಗುತ್ತಿರಲಿಲ್ಲ. ದರಬಾರು ಒಪ್ಪಿಕೊಂಡಷ್ಟು ಮಾತ್ರ ಅಲ್ಲಿಗೆ ಕಾನೂನು. ಸ್ಥಿರಾಸ್ತಿಗೆ ನೆಲವಿದ್ದ ಕಡೆಯ ನ್ಯಾಯವೇ ಅನ್ವಯಿಸುವುದರಿಂದ, ಬೀಳಗಿಯ ಕಡೆ ಒಂದು ಹೊಲ, ಬನಹಟ್ಟಿಯಲ್ಲಿ ಒಂದು, ರಬಕವಿಯಲ್ಲಿ ಒಂದು ಮನೆ ಇರುವ ಕುಟುಂಬದ ಮಕ್ಕಳು ಒಬ್ಬನೇ ತಂದೆಯ ಆಸ್ತಿಗಾಗಿ ಮೂರು ಸರಕಾರಗಳ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಬಡವನು ಎಷ್ಟು ಬಾಗಿಲುಗಳನ್ನು ತಟ್ಟಿಯಾನು? ತಟ್ಟುವ ಶಕ್ತಿಯಿಲ್ಲದವರು ರೂಢಿಗೆ ತಲೆಬಾಗಿದರು. ರೂಢಿಯಲ್ಲಿ ಹಿರಿಯಣ್ಣನಿದ್ದನು, ತಂಗಿ ಇರಲಿಲ್ಲ.

ವರ್ದಿಯ ಮೂರು ತಿಂಗಳು

20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸರಕಾರವೇ ತನ್ನ ಪುಸ್ತಕದ ಕೊರತೆಯನ್ನು ಕಂಡುಕೊಂಡಿತು. ಖಾತೆಯಲ್ಲಿ ಒಬ್ಬನ ಹೆಸರು, ಉಳುವವನು ಇನ್ನೊಬ್ಬ, ಒತ್ತೆ ಹಿಡಿದವನು ಮತ್ತೊಬ್ಬ. ಯಾರದು ಯಾವ ಹಕ್ಕೆಂದು ತಿಳಿಯದಂತಾಗಿತ್ತು. ಅದಕ್ಕಾಗಿ 1903ರಲ್ಲಿ ಹಕ್ಕುಪತ್ರಕಗಳ ಕಾಯಿದೆಯನ್ನು ಮಾಡಿ, 1913ರಲ್ಲಿ ಅದನ್ನು ಭೂಕಂದಾಯ ಸಂಹಿತೆಯಲ್ಲಿಯೇ ಸೇರಿಸಿತು. ವಾರಸಾ, ವಾಟಣಿ, ಖರೀದಿ, ಒತ್ತೆ ಹೀಗೆ ಯಾವ ರೀತಿಯಿಂದ ಹಕ್ಕು ಬಂದರೂ, ಹಕ್ಕು ಪಡೆದವರು ಮೂರು ತಿಂಗಳೊಳಗಾಗಿ ಊರಿನ ಲೆಕ್ಕಿಗನಿಗೆ ವರ್ದಿ ಕೊಡಬೇಕು. ಬರೆದು ಕೊಡಬಹುದು, ಬಾಯಿಯಿಂದಲೂ ಹೇಳಬಹುದು; ಲೆಕ್ಕಿಗನು ರಸೀದಿ ಕೊಡಬೇಕು. ಅನಂತರ ಚಾವಡಿಯಲ್ಲಿ ನೋಟೀಸು ಅಂಟಿಸಿ, ಸಂಬಂಧಪಟ್ಟವರಿಗೆ ತಿಳಿಸಿ, ತಕರಾರು ಬಾರದಿದ್ದರೆ ಮೇಲಿನ ಅಧಿಕಾರಿ ಅದನ್ನು ಕಾಯಂ ಮಾಡುವನು. ತಪ್ಪೆಂದು ಸಿದ್ಧವಾಗುವವರೆಗೆ ಆ ದಾಖಲೆಯನ್ನು ಸರಿಯೆಂದು ಭಾವಿಸಬೇಕು.

ಓದಿದರೆ ಇದು ಎಷ್ಟು ನ್ಯಾಯವಾದ ಏರ್ಪಾಡು! ಈಗ ಎಲ್ಲ ವಾರಸದಾರರ ಹೆಸರುಗಳನ್ನೂ ಬರೆಯಿಸಲು ಅವಕಾಶವಿತ್ತು. ಆದರೆ ವರ್ದಿ ಕೊಡಲು ಚಾವಡಿಗೆ ಹೋಗುವವರು ಯಾರು? ಹಿರಿಯ ಮಗ. ವಾರಸದಾರರು ಯಾರೆಂದು ಕೇಳಿದರೆ ಹೇಳುವವರು ಯಾರು? ಹಿರಿಯ ಮಗ ಮತ್ತು ಊರಿನ ಪಂಚರು. ನೋಟೀಸು ಅಂಟಿಸಿದ್ದು ತವರಿನ ಚಾವಡಿಯಲ್ಲಿ. ಮಗಳಿದ್ದದ್ದು ನಾಲ್ಕು ಹರದಾರಿ ಆಚೆಯ ಗಂಡನ ಮನೆಯಲ್ಲಿ, ಬಹುಶಃ ಬೇರೆ ಸಂಸ್ಥಾನದಲ್ಲಿ. ತಕರಾರು ಬರಲಿಲ್ಲ, ಹೆಸರು ಕಾಯಂ ಆಯಿತು. ಸುಳ್ಳು ಹೇಳಿದವರು ಯಾರೂ ಇಲ್ಲ. ಒಂದು ಹೆಸರನ್ನು ಹೇಳಲಿಲ್ಲ, ಅಷ್ಟೇ.

ನೀರು ಬಂದ ಮೇಲೆ

1948ರ ಮಾರ್ಚಿಯಲ್ಲಿ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ 1ರಂದು ಈ ಸೀಮೆ ಕನ್ನಡ ರಾಜ್ಯಕ್ಕೆ ಬಂತು. ವತನಗಳು ರದ್ದಾದವು. ಹಿಂದೂ ಹೆಣ್ಣುಮಕ್ಕಳಿಗೆ 1956ರಲ್ಲಿ ವಾರಸಾ ಹಕ್ಕು, ಕರ್ನಾಟಕದಲ್ಲಿ 1994ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹುಟ್ಟಿನ ಹಕ್ಕು, 2005ರಲ್ಲಿ ದೇಶಕ್ಕೆಲ್ಲ ಅದೇ ಹಕ್ಕು ದೊರೆಯಿತು. ಕ್ರೈಸ್ತರಿಗೆ 1865ರ ನಿಯಮವೇ 1925ರ ಭಾರತೀಯ ವಾರಸಾ ಕಾಯಿದೆಯಾಗಿ ಮುಂದುವರಿಯಿತು. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ಅಲ್ಲಿನ ಹಳೆಯ ಸಂಸ್ಥಾನದ ಕಾನೂನು ಅಡ್ಡಿಯಾಗಿತ್ತು. ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಆ ಅಡ್ಡಿಯನ್ನು ತೆಗೆದುಹಾಕಿತು. ಸಂಸ್ಥಾನ ಮುಗಿದು ದಶಕಗಳಾದ ಮೇಲೂ ಅದರ ನೆರಳು ಉಳಿಯುವುದಕ್ಕೆ ಇದು ದೊಡ್ಡ ನಿದರ್ಶನ.

ಇತ್ತ ನಮ್ಮ ನೆಲದ ಬೆಲೆಯೂ ಬದಲಾಯಿತು. ಮಳೆಯನ್ನೇ ನಂಬಿ ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಕಬ್ಬು ಬಂತು. ಜಮಖಂಡಿಯ ಚಿಕ್ಕಪಡಸಲಗಿಯ ಬಳಿ 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದನ್ನು ನಾಡೇ ಕೊಂಡಾಡಿತು. ಆದರೆ ಅದೇ ಕೃಷ್ಣೆ, 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಾಗಿ ಬೀಳಗಿ, ಬಾಗಲಕೋಟೆ ಸೀಮೆಯ ಊರುಗಳನ್ನೂ ಹೊಲಗಳನ್ನೂ ಮುಳುಗಿಸಿದಾಗ, ಪರಿಹಾರದ ಕಚೇರಿ ಮೊದಲು ಕೇಳಿದ್ದು ಉತಾರದಲ್ಲಿರುವ ಹೆಸರನ್ನು. ನೂರು ವರ್ಷಗಳ ಹಿಂದೆ ಕಂದಾಯದ ಅನುಕೂಲಕ್ಕೆ ಬರೆದ ಹೆಸರಿನ ಕವಲಿಗೆ ಹಣ ಸಂದಾಯವಾಯಿತು. ಬರೆಯದೆ ಬಿಟ್ಟ ಹೆಸರಿನ ಕವಲಿಗೆ ಕೋರ್ಟಿನ ಮೆಟ್ಟಿಲು ಉಳಿಯಿತು. ಹೊಲ ನೀರಿನಡಿ ಹೋದರೂ ಅದರ ಜಗಳ ಮುಳುಗಲಿಲ್ಲ.

ಇನ್ನೊಂದು ಪುಸ್ತಕ

ಆರಂಭದಲ್ಲಿ ಹೇಳಿದ ಆ ತಾಯಿಯ ಮಾತಿಗೆ ಹಿಂತಿರುಗುತ್ತೇನೆ. ಅವರ ತಂದೆ ತೀರಿಕೊಂಡದ್ದು ಸ್ವಾತಂತ್ರ್ಯ ಬಂದ ಮೇಲೆಯೇ. ಮೃತ್ಯುಪತ್ರವೂ ಇರಲಿಲ್ಲ. ಆಗ ಕಾನೂನಿನಲ್ಲಿ ಅವರ ಹಕ್ಕು ಅಣ್ಣನ ಹಕ್ಕಿನಷ್ಟೇ ದೊಡ್ಡದಾಗಿತ್ತು. ಆದರೂ ಹೆಸರು ಬರಲಿಲ್ಲ. ಕಾನೂನು ಬದಲಾದರೂ ಚಾವಡಿಯ ಹಳೆಯ ಅಭ್ಯಾಸ ಬದಲಾಗಿರಲಿಲ್ಲ.

ಸ್ವಾಮಿ ಯೇಸುವಿನ ಬಳಿಗೆ ಒಬ್ಬನು ಬಂದು, ಆಸ್ತಿಯಲ್ಲಿ ಪಾಲು ಕೊಡುವಂತೆ ಅಣ್ಣನಿಗೆ ಹೇಳೆಂದು ಕೇಳಿದ ಪ್ರಸಂಗ ಸಂತ ಲೂಕರ ಶುಭಸಂದೇಶದಲ್ಲಿದೆ. ಪಾಲು ಹಂಚುವ ಪಂಚನಾಗಲು ಸ್ವಾಮಿಯು ಒಪ್ಪಲಿಲ್ಲ. ಲೋಭದ ವಿಷಯದಲ್ಲಿ ಎಚ್ಚರಿಸಿದರು. ಗುರುವಾದ ನಾನೂ ಪಾಲು ಹಂಚಲಾರೆ. ಆದರೆ ಆ ಎಚ್ಚರಿಕೆ ಪಾಲು ಕೇಳಿದವನಿಗೆ ಮಾತ್ರವೇ, ಕೊಡದೆ ಕುಳಿತವನಿಗೂ ಅಲ್ಲವೇ ಎಂದು ಯೋಚಿಸುತ್ತೇನೆ. ಪಾಲು ಬೇಡವೆಂದ ಆ ತಾಯಿಗೆ ನಾನು ಲೋಭದ ಉಪದೇಶ ಮಾಡಿದ್ದು ತಪ್ಪಾಗಿತ್ತು. ಅದನ್ನು ಕೇಳಬೇಕಾಗಿದ್ದವರು ಬೇರೆ. ಹಳೆಯ ಒಡಂಬಡಿಕೆಯಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲವೆಂದು ನಮ್ಮ ತಂದೆಯ ಹೆಸರು ಏಕೆ ಅಳಿಯಬೇಕೆಂದು ಕೇಳಿದಾಗ, ಅವರ ಮಾತು ನ್ಯಾಯವಾದುದೆಂದು ದೇವರೇ ಒಪ್ಪಿದರು. ಆ ಐವರ ಹೆಸರುಗಳೂ ಪವಿತ್ರ ಗ್ರಂಥದಲ್ಲಿ ಬರೆಯಲ್ಪಟ್ಟಿವೆ.

ನಮ್ಮ ದೇವಾಲಯದ ಕಪಾಟಿನಲ್ಲಿ ಒಂದು ಪುಸ್ತಕವಿದೆ. ಅದು ಜ್ಞಾನಸ್ನಾನದ ಪುಸ್ತಕ. ಮಗು ಗಂಡಾಗಲಿ ಹೆಣ್ಣಾಗಲಿ, ಹಿರಿಯದಾಗಲಿ ಕಿರಿಯದಾಗಲಿ, ಅದರ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಅದರಲ್ಲಿ ಬರೆದಿದೆ. ವಾರಸಾ ತಕರಾರು ಬಂದಾಗ ಇಂತಹವಳು ಇಂತಹವರ ಮಗಳೆಂದು ತೋರಿಸಲು ಈ ಪುಸ್ತಕದ ನಕಲನ್ನು ಕೇಳಿಕೊಂಡು ಬರುವವರಿದ್ದಾರೆ. ಪ್ರತಿ ಸಲ ನಕಲು ಬರೆದುಕೊಡುವಾಗ ನನಗೆ ತೋರುವುದು ಇಷ್ಟೇ: ಇಲ್ಲಿ ಬರೆಯಲು ಅಡ್ಡಿಯಾಗದ ಹೆಸರು ಅಲ್ಲಿ ಬರೆಯಲು ಏಕೆ ಅಡ್ಡಿಯಾಯಿತು?

ಆದ್ದರಿಂದ ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ನನ್ನ ವಿನಂತಿ. ಬದುಕಿರುವಾಗಲೇ, ಬುದ್ಧಿ ಸ್ಥಿಮಿತವಿರುವಾಗಲೇ, ತಂದೆತಾಯಿಯರು ಮಕ್ಕಳನ್ನೆಲ್ಲ ಕೂಡಿಸಿಕೊಂಡು, ಹೊಲದ ವಿಷಯವನ್ನು ಬಾಯಿಬಿಟ್ಟು ಮಾತನಾಡಿ, ಇಬ್ಬರು ಸಾಕ್ಷಿಗಳ ಮುಂದೆ ಮೃತ್ಯುಪತ್ರ ಬರೆದಿಡಲಿ. ಮೃತ್ಯುಪತ್ರವಿಲ್ಲದೆ ತೀರಿಹೋದವರ ಮಕ್ಕಳು ವಾರಸಾ ಅರ್ಜಿ ಬರೆಯುವಾಗ ಅಕ್ಕತಂಗಿಯರ ಹೆಸರುಗಳನ್ನೂ ಬರೆಯಲಿ. ತವರಿನ ಮೇಲಿನ ಪ್ರೀತಿಯಿಂದ ಹಕ್ಕು ಬಿಟ್ಟುಕೊಡಬೇಕೆನ್ನುವ ಸೋದರಿ ತಿಳಿದು, ಒಪ್ಪಿ, ತಾನೇ ಬಿಟ್ಟುಕೊಡಲಿ. ಅದು ಅವಳು ಕೊಡುವ ದಾನವಾಗುತ್ತದೆ. ಕೇಳದೆ ತೆಗೆದುಕೊಂಡದ್ದು ದಾನವಾಗುವುದಿಲ್ಲ.

ಆ ತಾಯಿ ಈಗ ನಮ್ಮೊಂದಿಗಿಲ್ಲ. ಅವರ ಮರಣದ ವಿಷಯವನ್ನು ಮರಣದ ಪುಸ್ತಕದಲ್ಲಿ ಬರೆಯುವಾಗ, ಇಂತಹವರ ಮಗಳು ಎಂದು ಅವರ ತಂದೆಯ ಹೆಸರನ್ನು ನಾನೇ ಕೈಯಾರೆ ಬರೆದೆ. ಕರುಣಾಮಯನಾದ ದೇವರು ಅವರ ಆತ್ಮಕ್ಕೆ ನಿತ್ಯಶಾಂತಿಯನ್ನೂ, ಮುಂದಿನ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಮನೆತನಗಳಿಗೆ ನ್ಯಾಯದ ಮೇಲೆ ನಿಂತ ಪ್ರೀತಿಯನ್ನೂ ದಯಪಾಲಿಸಲಿ.